ಇಬ್ಬರಿಗೂ ಆಗುವ ಆಟ

ಟಿವಿಗೆ ಜೋಡಿಸಿ ವಿಡಿಯೋ ಗೇಮ್ ಆಡುವ ಮೂರು ಪೆಟ್ಟಿಗೆಗಳಲ್ಲಿ ಒಂದನ್ನೂ ತನ್ಮಯ್ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಆದರೂ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಸ್ವಿಚ್ ಈ ಮೂರರಲ್ಲಿ ಯಾವುದಕ್ಕೆ ಯಾವ ಆಟಗಳು ಬರುತ್ತವೆ, ಯಾವುದನ್ನು ಮುಗಿಸಿದ ಮೇಲೂ ಇನ್ನೊಮ್ಮೆ ಆಡಬೇಕೆನಿಸುತ್ತದೆ, ಯಾವುದು ಹೆಸರಿಗಷ್ಟೇ ದೊಡ್ಡದು ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಒಂದು ವರ್ಷದಿಂದ ಅಮ್ಮನ ಮೊಬೈಲಿನಲ್ಲಿ ಅವನು ನೋಡುತ್ತಿದ್ದುದೇ ಅದು. ಯಾರೋ ಅಮೆರಿಕದವನು, ಯಾರೋ ದೆಹಲಿಯವನು ಆಟಗಳನ್ನು ಬಿಡಿಸಿ ಬಿಡಿಸಿ ವಿವರಿಸುವ ವಿಡಿಯೋಗಳು. ಅವರು ಹೇಳಿದ್ದನ್ನೆಲ್ಲ ತನ್ಮಯ್ ಒಪ್ಪುತ್ತಿರಲಿಲ್ಲ. ಅವರೆಲ್ಲ ಎರಡೂ ಕೈ ಗಟ್ಟಿಯಿದ್ದವರು.

ಅವನಿಗೆ ಹದಿನಾಲ್ಕು ವರ್ಷ. ಮೈಯ ಸ್ನಾಯುಗಳು ಒಂದೊಂದಾಗಿ ಸವೆದುಹೋಗುವ ಕಾಯಿಲೆ ಇದೆಯೆಂದು ಏಳನೇ ವಯಸ್ಸಿನಲ್ಲಿ ಗೊತ್ತಾಗಿತ್ತು. ಹನ್ನೊಂದಕ್ಕೆ ನಡಿಗೆ ನಿಂತು ಗಾಲಿಕುರ್ಚಿ ಬಂತು. ಕುರ್ಚಿ ಬಂದ ಮೇಲೆ ಶಾಲೆಗೆ ಹೋಗುವುದೂ ತಪ್ಪಿತು. ಈಗ ತೋಳುಗಳ ಸರದಿ. ಲೋಟವನ್ನು ಬಾಯಿಗೆ ತರಬೇಕಾದರೆ ಮೊಣಕೈಯನ್ನು ಮೇಜಿಗೆ ಊರಬೇಕಿತ್ತು. ಬೆರಳುಗಳು ಮಾತ್ರ ಚುರುಕಾಗಿದ್ದವು. ಅವು ಇನ್ನೆಷ್ಟು ದಿನ ಹಾಗಿರುತ್ತವೆ ಎಂದು ಅವನು ಡಾಕ್ಟರನ್ನು ಕೇಳಿರಲಿಲ್ಲ. ತಾನೇ ಒಂದು ಅಂದಾಜು ಮಾಡಿಕೊಂಡಿದ್ದ, ಅಷ್ಟರೊಳಗೆ ಮುಗಿಸಬಹುದಾದ ಆಟಗಳನ್ನೇ ಲೆಕ್ಕಕ್ಕೆ ಹಿಡಿದಿದ್ದ.

ಅಪ್ಪ ಚಂದ್ರಶೇಖರಪ್ಪನವರಿಗೆ ಮೂಡಿಗೆರೆಯ ಪೇಟೆಯಲ್ಲಿ ಪಂಪು, ಪೈಪು, ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಮಾರುವ ಅಂಗಡಿ. ಕಾಫಿ ಹೂವಿಗೆ ನೀರು ಹಾಯಿಸುವ ದಿನಗಳಲ್ಲಿ ಅವರಿಗೆ ಊಟಕ್ಕೂ ಪುರುಸೊತ್ತಿರುವುದಿಲ್ಲ. "ಈ ಸ್ಪ್ರಿಂಕ್ಲರ್ ಗಲಾಟೆ ಒಂದು ಮುಗೀಲಿ, ನಿನ್ನ ಆಟದ ಪೆಟ್ಟಿಗೆ ತಗೊಳಣ," ಎಂದಿದ್ದರು. "ಆದ್ರೆ ಒಂದೇ. ಆಮೇಲೆ ಇನ್ನೊಂದು ಚೆನ್ನಾಗಿತ್ತು ಅನ್ನಂಗಿಲ್ಲ. ನೀನೇ ಯೋಚ್ನೆ ಮಾಡಿ ಹೇಳು."

ಅಜ್ಜಿ ಕಲ್ಲಮ್ಮನಿಗೆ ಇದೆಲ್ಲ ವಿಚಿತ್ರವಾಗಿತ್ತು. "ಅದೇನೋ ಬೆಳಗಿಂದ ಲೈಬ್ರರಿ ಲೈಬ್ರರಿ ಅಂತಿಯಲ್ಲ, ಲೈಬ್ರರಿ ಅಂದ್ರೆ ಪುಸ್ತಕದ್ದಲ್ವೇನೋ?"

"ಆಟದ್ದೂ ಇರುತ್ತಜ್ಜಿ. ಪೆಟ್ಟಿಗೆ ಎಲ್ಲಾ ಒಂದೇ ಥರ. ಒಳಗೆ ಏನೇನು ಆಡ್ಬಹುದು ಅನ್ನೋದೇ ಮುಖ್ಯ. ಸ್ವಿಚ್‌ನಲ್ಲಿ ಇರೋ ಆಟಗಳು ತುಂಬಾ ಚಂದ, ಯಾರ ಜೊತೆ ಬೇಕಾದ್ರೂ ಕೂತು ಆಡ್ಬಹುದು. ಆದ್ರೆ ಕೈಯಲ್ಲಿ ಎತ್ತಿ ಹಿಡ್ಕೊಂಡೇ ಆಡೋಣ ಅನ್ಸುತ್ತೆ, ನಂಗೆ ತೋಳು ನೋಯುತ್ತೆ. ಎಕ್ಸ್‌ಬಾಕ್ಸ್‌ನಲ್ಲಿ ತಿಂಗಳಿಗಿಷ್ಟು ಅಂತ ಕೊಟ್ರೆ ನೂರಾರು ಆಟ. ಪ್ಲೇಸ್ಟೇಷನ್‌ನಲ್ಲಿ ನಂಗೆ ಬೇಕಾಗಿರೋದು ಒಂದೇ ಒಂದು."

ಆ ಒಂದು, ಕುದುರೆಯ ಆಟ. ಅದರಲ್ಲಿ ಕೊನೆಯೇ ಕಾಣದ ಹುಲ್ಲುಗಾವಲು. ಒಬ್ಬ ಯೋಧ ಕುದುರೆ ಹತ್ತಿ ಎಲ್ಲಿಗೆ ಬೇಕಾದರೂ ಹೋಗಬಹುದು. ಇಷ್ಟೇ ದಾರಿ, ಇಷ್ಟೇ ಹೊತ್ತು ಎಂದಿಲ್ಲ. ಅದಕ್ಕೆ ಎರಡೂ ಕೈ ಬೇಕು, ಬೆರಳುಗಳೆಲ್ಲ ಬೇಕು. ಬೇಗ ಕೊಂಡರೆ ತನಗೆ ಆಗುತ್ತದೆ ಎಂದು ತನ್ಮಯ್ ತೀರ್ಮಾನಿಸಿದ್ದ.

ಅಪ್ಪನ ಅಂಗಡಿಯ ಎದುರಿಗೆ ಇದ್ರೀಸ್‌ರ ಜೀಪ್ ಗ್ಯಾರೇಜು. ಅವರ ಮಗ ದಾನಿಶ್ ತನ್ಮಯ್‌ನ ಜೊತೆ ಓದುತ್ತಿದ್ದವನು. ಫೆಬ್ರವರಿ ಕೊನೆಯಲ್ಲಿ ದಾನಿಶ್ ಓಡಿ ಬಂದ. "ನಮ್ಮ ಮಾಮ ಸೌದಿಯಿಂದ ಪ್ಲೇಸ್ಟೇಷನ್ ತಂದಿದಾರೆ ಮಾರಾಯ! ನಿನ್ನ ಕುದುರೆ ಆಟಾನೂ ಇದೆ. ಭಾನುವಾರ ಬಾ, ಕಲ್ಲೂನೂ ಕರ್ಕೊಂಡು ಬಾ."

ಕಲ್ಲು ಎಂದರೆ ತನ್ಮಯ್‌ನ ತಮ್ಮ ಕಲ್ಲೇಶ. ಆರು ವರ್ಷ. ದೊಡ್ಡ ಮಗನ ಕಾಯಿಲೆ ಗೊತ್ತಾದಾಗ ಅವನು ತಾಯಿ ನಾಗಶ್ರೀಯ ಹೊಟ್ಟೆಯಲ್ಲಿದ್ದ. ಈ ಕಾಯಿಲೆ ತಾಯಿಯಿಂದ ಗಂಡುಮಕ್ಕಳಿಗೆ ಇಳಿಯಬಹುದು, ಹುಟ್ಟಿದ ಮಗುವನ್ನೂ ಪರೀಕ್ಷೆ ಮಾಡಿಸಿ ಎಂದು ಮಂಗಳೂರಿನ ಡಾಕ್ಟರು ಹೇಳಿದ್ದರು. ಚಂದ್ರಶೇಖರಪ್ಪ ಮನೆದೇವರು ಕಲ್ಲೇಶ್ವರನಿಗೆ ಹರಕೆ ಹೊತ್ತರು. ಹುಟ್ಟಿದ ಮಗು ವರ್ಷ ತುಂಬುವ ಮೊದಲೇ ಹೆಜ್ಜೆಯಿಟ್ಟಿತು. ದೇವರು ನಡೆಸಿಕೊಟ್ಟ ಎಂದು ಹರಕೆ ತೀರಿಸಿ ಬಂದರು. ಪರೀಕ್ಷೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಭಾನುವಾರ ಇದ್ರೀಸ್ ತಾವೇ ತನ್ಮಯ್‌ನನ್ನು ಬೆನ್ನ ಮೇಲೆ ಹೊತ್ತು ಗ್ಯಾರೇಜಿನ ಮೇಲಿನ ಮನೆಗೆ ಮೆಟ್ಟಿಲು ಹತ್ತಿದರು. ದಾನಿಶ್‌ನ ತಾಯಿ ರೌಶನ್ ಬೀ ಅವನ ಮೊಣಕೈಗಳ ಕೆಳಗೆ ಎರಡು ದಿಂಬು ಇಟ್ಟರು. "ಸಾಕಾ ಬೇಟಾ? ಇನ್ನೊಂದು ಬೇಕಾ?"

"ಸಾಕು ಆಂಟಿ."

ದಾನಿಶ್ ಆಟ ನಡೆಸುವ ಕಂಟ್ರೋಲರನ್ನು ಅವನ ಕೈಗೆ ಕೊಟ್ಟ. ಟಿವಿಯಲ್ಲಿ ಹುಲ್ಲುಗಾವಲು ತೆರೆದುಕೊಂಡಿತು. ತನ್ಮಯ್ ಹೆಬ್ಬೆರಳನ್ನು ಸ್ವಲ್ಪವೇ ಸ್ವಲ್ಪ ಮುಂದೆ ಒತ್ತಿದ. ಕುದುರೆ ಓಡಿತು.

"ಅಲ್ಲಿ ಗುಡ್ಡದ ಹಿಂದೆ ಶತ್ರು ಇದಾರೆ, ಹೊಡಿ ಹೊಡಿ!" ಎಂದ ದಾನಿಶ್.

"ತಡಿಯಾ. ಸ್ವಲ್ಪ ಹೊತ್ತು ಹಿಂಗೇ ಹೋಗ್ತೀನಿ."

ಅವನು ಯಾರನ್ನೂ ಹೊಡೆಯಲಿಲ್ಲ. ಹೊಳೆ ದಾಟಿದ, ಗುಡ್ಡ ಹತ್ತಿದ. ಒಂದು ಕಡೆ ಕುದುರೆಯಿಂದ ಇಳಿದು ಸುಮ್ಮನೆ ನಡೆದ. ಯೋಧನ ಕಾಲಿಗೆ ಹುಲ್ಲು ತಾಗಿ ಬಾಗುವುದನ್ನು ನೋಡುತ್ತಾ ನಡೆದ. ದಾನಿಶ್‌ಗೆ ಬೇಸರ ಬಂದು ಆಕಳಿಸಿದ. ತನ್ಮಯ್‌ಗೆ ಬೇರೆ ಯಾವ ಪೆಟ್ಟಿಗೆಯೂ ಬೇಡ ಅನಿಸಿತು. ಒಂದು ವರ್ಷದ ವಿಚಾರ ಆ ಗಳಿಗೆಗೆ ಮುಗಿಯಿತು.

ಕಲ್ಲು ಚಾಪೆಯ ಮೇಲೆ ದಾನಿಶ್‌ನ ತಂಗಿ ಫಿಜಾಳ ಜೊತೆ ಕೂತು ಟಿವಿ ನೋಡುತ್ತಿದ್ದ. ಒಳಗಿಂದ ರೌಶನ್ ಬೀ ಕರೆದರು. "ಪೋಡಿ ಬಿಸಿ ಇದೆ, ತಿನ್ನೋಕೆ ಬನ್ನಿ ಮಕ್ಕಳೇ!"

ಫಿಜಾ ಚಂಗನೆ ಎದ್ದು ಓಡಿದಳು. ಕಲ್ಲುವೂ ಎದ್ದ. ಅವನು ಎದ್ದದ್ದು ಹೀಗೆ. ಮೊದಲು ಹೊಟ್ಟೆಯ ಕಡೆಗೆ ಹೊರಳಿದ. ಎರಡೂ ಅಂಗೈಗಳನ್ನು ನೆಲಕ್ಕೂರಿ ಕುಂಡೆಯನ್ನು ಮೇಲೆತ್ತಿದ. ಆಮೇಲೆ ಒಂದು ಕೈಯನ್ನು ಮೊಣಕಾಲಿಗೆ ತಂದ, ಇನ್ನೊಂದನ್ನೂ ತಂದ. ಕೈಗಳನ್ನು ತೊಡೆಯ ಮೇಲೆ ಒತ್ತುತ್ತಾ ಮೇಲೆ ಮೇಲೆ ಸರಿಸಿ, ತನ್ನ ಮೈಯನ್ನೇ ತಾನು ಹತ್ತಿದವನಂತೆ ನೆಟ್ಟಗಾದ. ನಂತರ ನಗುತ್ತಾ ಫಿಜಾಳ ಹಿಂದೆ ಓಡಿದ.

ತನ್ಮಯ್‌ನ ಹೆಬ್ಬೆರಳು ನಿಂತಿತು.

ಹಾಗೆ ಏಳುವುದು ಅವನಿಗೆ ಗೊತ್ತಿತ್ತು. ಏಳನೇ ವಯಸ್ಸಿನಲ್ಲಿ ಮಂಗಳೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಅವನನ್ನು ನೆಲದ ಮೇಲೆ ಕೂರಿಸಿ ಏಳು ಎಂದಿದ್ದರು. ಎದ್ದಿದ್ದ. ಬಿಳಿ ಕೋಟು ಹಾಕಿದ್ದ ಇನ್ನೂ ಕೆಲವರನ್ನು ಕರೆಸಿ, ಅವರೆದುರು ಮತ್ತೊಮ್ಮೆ ಏಳಿಸಿದ್ದರು. ತಾನೇನೋ ಚೆನ್ನಾಗಿ ಮಾಡುತ್ತಿದ್ದೇನೆಂದು ಆಗ ಅವನಿಗೆ ಖುಷಿಯಾಗಿತ್ತು. ಅದಕ್ಕೊಂದು ಹೆಸರಿದೆ, ಈ ಕಾಯಿಲೆಯನ್ನು ಮೊದಲು ಗುರುತಿಸುವುದೇ ಹಾಗೆ ಎಂದು ಬಹಳ ದಿನಗಳ ಮೇಲೆ ಮೊಬೈಲಿನಲ್ಲಿ ಓದಿ ತಿಳಿದಿದ್ದ.

"ಏನಾಯ್ತಾ? ಕೈ ನೋವಾ?" ಎಂದ ದಾನಿಶ್. ಟಿವಿಯಲ್ಲಿ ಯಾರೋ ಹಿಂದಿನಿಂದ ಬಂದು ಯೋಧನನ್ನು ಕೊಂದಿದ್ದರು.

"ಹ್ಞೂಂ," ಎಂದ ತನ್ಮಯ್. "ಮನೆಗೆ ಹೋಗಣ."

ಅಂದಿನಿಂದ ಅವನು ತಮ್ಮನನ್ನು ನೋಡತೊಡಗಿದ. ಮನೆಯಲ್ಲಿ ಕಲ್ಲು ನೆಲದ ಮೇಲೆ ಕೂರುವುದೇ ಅಪರೂಪ. ಊಟ ಮೇಜಿನಲ್ಲಿ, ಹೋಮ್‌ವರ್ಕ್ ಮೇಜಿನಲ್ಲಿ, ಟಿವಿ ನೋಡಲು ಅವನಿಗೆಂದೇ ಸಣ್ಣದೊಂದು ಬೆತ್ತದ ಕುರ್ಚಿ. ಹಾಗಾಗಿ ತನ್ಮಯ್ ಬೇಕೆಂದೇ ಟಿವಿ ರಿಮೋಟನ್ನು ಸೋಫಾದ ಅಡಿಗೆ ಬೀಳಿಸಿದ. "ಕಲ್ಲು, ತೆಕ್ಕೊಡಾ." ಕಲ್ಲು ಮಂಡಿಯೂರಿ ತೆಗೆದ, ಅದೇ ರೀತಿ ಎದ್ದ. ಅಂಗಳದ ಮೆಟ್ಟಿಲು ಹತ್ತುವಾಗ ಪ್ರತಿ ಮೆಟ್ಟಿಲಿಗೂ ಎರಡೂ ಪಾದ ಇಟ್ಟ. ನಡೆಯುವಾಗ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಸ್ನಾನ ಮಾಡಿಸಿ ಕರೆತಂದ ಅಜ್ಜಿ ಅವನ ಮೀನಖಂಡಗಳನ್ನು ಹಿಡಿದು, "ನೋಡು, ಪೈಲ್ವಾನನ ಕಾಲು ಇದ್ದಂಗೆ ಇದೆ ನನ್ ರಾಜಂದು," ಎಂದು ಲಟಿಕೆ ಮುರಿದಳು. ತನ್ಮಯ್‌ಗೂ ಒಂದು ಕಾಲದಲ್ಲಿ ಅಂಥದೇ ಮೀನಖಂಡಗಳಿದ್ದವು. ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ.

ಯಾರಿಗೆ ಹೇಳುವುದು? ಅಪ್ಪ ಕಲ್ಲುವನ್ನು ಸಂಜೆ ಅಂಗಡಿಗೆ ಕರೆದುಕೊಂಡು ಹೋಗಿ ಗಿರಾಕಿಗಳ ಮುಂದೆ ಏಣಿಯ ಮೊದಲ ಮೆಟ್ಟಿಲ ಮೇಲೆ ನಿಲ್ಲಿಸಿ ಚಪ್ಪಾಳೆ ತಟ್ಟಿಸುತ್ತಿದ್ದರು. ಅಮ್ಮನಿಗೆ ಹೇಳಿದರೆ, ಅವಳ ಕಡೆಯಿಂದಲೇ ಎರಡನೆಯವನಿಗೂ ಬಂತು ಎಂದು ಹೇಳಿದ ಹಾಗೆ. ಅವನು ಬಾಯಿ ಬಿಡಲಿಲ್ಲ. ಆಟಗಳನ್ನು ಮಾತ್ರ ಮತ್ತೆ ಮೊದಲಿನಿಂದ ನೋಡತೊಡಗಿದ.

ಈ ಸಲ ನೋಡಿದ್ದು ಬೇರೆ ಕಣ್ಣಿನಿಂದ. ಆರು ವರ್ಷದವನು ಆಡಬಹುದಾದ್ದು ಯಾವುದು? ಹತ್ತು ವರ್ಷಕ್ಕೆ, ಕುರ್ಚಿಯಲ್ಲಿ ಕೂತ ಮೇಲೆ ಅವನಿಗೆ ಯಾವುದು ಬೇಕಾದೀತು? ತೋಳು ಸೋತ ಮೇಲೆ? ಎರಡೇ ಬೆರಳು ಉಳಿದಾಗ? ಎಕ್ಸ್‌ಬಾಕ್ಸ್‌ನ ಪಟ್ಟಿಯಲ್ಲಿ ಸಣ್ಣ ಸಣ್ಣ ಆಟಗಳು ಬಹಳ ಇದ್ದವು. ಮೀನು ಹಿಡಿಯುವುದು, ಮನೆ ಕಟ್ಟುವುದು, ಒಂದೇ ಬಟನ್ ಒತ್ತಿ ಹಾರಿಸುವುದು. ಅವನ್ನೆಲ್ಲ ಹಿಂದೆ ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅದಕ್ಕೆ ಇನ್ನೊಂದು ವಸ್ತುವೂ ಸಿಗುತ್ತಿತ್ತು. ಬಿಳಿ ಹಲಗೆಯಂಥ ಕಂಟ್ರೋಲರು, ಮೇಲೆ ಅಂಗೈಯಗಲದ ಎರಡು ಕಪ್ಪು ಬಟನ್ನು, ಹಿಂಬದಿಗೆ ಸಾಲು ತೂತುಗಳು. ಮೊಣಕೈಯಲ್ಲಿ ಒತ್ತುವಂಥದ್ದು, ಕೆನ್ನೆಯಲ್ಲಿ ಒತ್ತುವಂಥದ್ದು, ಯಾವ ಬಟನ್ನನ್ನು ಬೇಕಾದರೂ ತಂದು ಅದಕ್ಕೆ ಸಿಕ್ಕಿಸಬಹುದು. ಪ್ಲೇಸ್ಟೇಷನ್‌ಗೂ ಅಂಥದ್ದೊಂದು ಇದೆಯೆಂದು ಅವನಿಗೆ ಗೊತ್ತಿತ್ತು. ಎರಡನ್ನೂ ಅಕ್ಕಪಕ್ಕ ಇಟ್ಟು ಅಳೆದ. ಕಲ್ಲುಗೆ ಈಗಿನಿಂದ ಕೊನೆಯವರೆಗೂ ಏನಾದರೊಂದು ಸಿಗುತ್ತಿರಬೇಕು, ತಾನಿಲ್ಲದ ಮೇಲೂ ಸಿಗುತ್ತಿರಬೇಕು. ಹಾಗೆ ನೋಡಿದಾಗ ಕುದುರೆಯ ಪೆಟ್ಟಿಗೆ ಸೋತಿತು.

"ಎಕ್ಸ್‌ಬಾಕ್ಸ್ ತಗೊಳಣಪ್ಪ," ಎಂದ ಒಂದು ದಿನ ಊಟದ ಹೊತ್ತಿಗೆ.

ಚಂದ್ರಶೇಖರಪ್ಪ ತುತ್ತು ಕೈಯಲ್ಲೇ ಹಿಡಿದು ಅವನನ್ನು ನೋಡಿದರು. "ಎಂಥದು ಮಾರಾಯ ನಿಂದು? ಒಂದ್ ವರ್ಷದಿಂದ ಕುದುರೆ ಕುದುರೆ ಅಂತಿದ್ದೆ. ಈಗ ಕುದುರೆ ಬೇಡ್ವಾ?"

"ಒಂದೇ ಆಟಕ್ಕೋಸ್ಕರ ಅಷ್ಟು ದೊಡ್ಡ ಪೆಟ್ಟಿಗೆ ಯಾಕೆ? ಮುಗಿದ್ಮೇಲೆ ಏನ್ಮಾಡೋದು? ಇದ್ರಲ್ಲಾದ್ರೆ ಹೊಸದು ಬರ್ತಾ ಇರುತ್ತೆ. ಕಲ್ಲೂನೂ ಆಡ್ಬಹುದು."

"ಕಲ್ಲುಗ್ಯಾಕೆ ಇದು? ಅವನು ಹೊರಗೆ ಆಡ್ಲಿ. ಇದು ನಿಂಗೆ ಅಂತ ತರೋದು. ನಿಂಗೆ ಬೇಕಾದ್ದು ಹೇಳು."

"ನಂಗೆ ಇದೇ ಬೇಕು."

ನಾಗಶ್ರೀ ಮೇಜಿನ ಆಚೆ ಕಲ್ಲುವಿಗೆ ಊಟ ಮಾಡಿಸುತ್ತಿದ್ದಳು. ಅವಳು ದೊಡ್ಡ ಮಗನ ಮುಖವನ್ನು ನೋಡಿದಳು.

ಮುಂದಿನ ವಾರ ಎಲ್ಲರೂ ಕಾರಿನಲ್ಲಿ ಚಿಕ್ಕಮಗಳೂರಿಗೆ ಹೋದರು. ಅಜ್ಜಿ ಮನೆಯಲ್ಲಿ ಉಳಿದಳು. ಅಂಗಡಿಯಲ್ಲಿ ಪೆಟ್ಟಿಗೆಗಳನ್ನು ಗಾಜಿನ ಹಿಂದೆ ಸಾಲಾಗಿ ಇಟ್ಟಿದ್ದರು. ಸೇಲ್ಸ್‌ನವನು ಮಾತಿನ ಮಲ್ಲ. ಗಾಲಿಕುರ್ಚಿಯ ಎತ್ತರಕ್ಕೆ ಬಗ್ಗಿ, ಪ್ಲೇಸ್ಟೇಷನ್‌ನ ಆಟಗಳ ಹೆಸರನ್ನು ಒಂದೊಂದಾಗಿ ಹೇಳುತ್ತಾ ಹೋದ. "ಕಥೆ ಇರೋ ಆಟ ಅಂದ್ರೆ ಇದೇ. ನಿನ್ನ ವಯಸ್ಸಿನವ್ರು ಎಲ್ಲಾ ಇದನ್ನೇ ಕೇಳ್ತಾರೆ."

"ಗೊತ್ತು," ಎಂದ ತನ್ಮಯ್. "ಎಲ್ಲಾದನ್ನೂ ನೋಡಿದೀನಿ. ನಮಗೆ ಎಕ್ಸ್‌ಬಾಕ್ಸ್ ಕೊಡಿ. ದೊಡ್ಡ ಬಟನ್‌ದು ಬಿಳೀ ಕಂಟ್ರೋಲರ್ ಬರುತ್ತಲ್ಲ, ಅದು ಇದೆಯಾ?"

"ಅದು ಕೈಲಾಗದವರಿಗೆ ಅಲ್ವಾ ಮರಿ? ಆರ್ಡರ್ ಹಾಕಿ ತರಿಸ್ಬೇಕು. ನಿನ್ನ ಬೆರಳು ಚೆನ್ನಾಗಿದಾವಲ್ಲ. ನಿಂಗ್ಯಾಕೆ ಅದು?"

"ಈಗಲ್ಲ. ಆಮೇಲೆ ಬೇಕಾಗುತ್ತೆ. ಎಷ್ಟು ವರ್ಷ ಆದ್ರೂ ಅದು ಸಿಗುತ್ತಾ? ಇನ್ನೊಂದು ಆರೇಳು ವರ್ಷ ಆದ್ಮೇಲೆ?"

ಸೇಲ್ಸ್‌ನವನು ಚಂದ್ರಶೇಖರಪ್ಪನವರ ಕಡೆ ನೋಡಿದ. ಅವರು ಇನ್ನೊಂದು ಮೂಲೆಯಲ್ಲಿ ಕಲ್ಲುವಿಗೆ ದೊಡ್ಡ ಟಿವಿ ತೋರಿಸುತ್ತಿದ್ದರು. ಆದರೆ ನಾಗಶ್ರೀ ಕುರ್ಚಿಯ ಹಿಂದೆಯೇ ನಿಂತಿದ್ದಳು. ಆರೇಳು ವರ್ಷ. ದೊಡ್ಡವನ ಕೈ ಅಷ್ಟು ವರ್ಷ ನಡೆಯುತ್ತದೆಂದು ಯಾವ ಡಾಕ್ಟರೂ ಹೇಳಿರಲಿಲ್ಲ. ಅವನು ಕೇಳುತ್ತಿದ್ದುದು ತನಗಾಗಿ ಅಲ್ಲ. ಕುರ್ಚಿಯ ಹಿಡಿಯನ್ನು ಅವಳು ಬಿಗಿಯಾಗಿ ಹಿಡಿದಳು.

"ನೀವು ಬಿಲ್ ಮಾಡ್ಸಿ, ಇವನನ್ನ ಕಾರಲ್ಲಿ ಕೂರಿಸಿರ್ತೀನಿ," ಎಂದು ಗಂಡನಿಗೆ ಹೇಳಿ, ಅಂಗಡಿಯವರೊಬ್ಬರ ಸಹಾಯ ತೆಗೆದುಕೊಂಡು ಅವನನ್ನು ಹಿಂದಿನ ಸೀಟಿಗೆ ಎತ್ತಿ ಕೂರಿಸಿದಳು. ಪಕ್ಕದಲ್ಲಿ ತಾನೂ ಕೂತು ಬಾಗಿಲು ಹಾಕಿಕೊಂಡಳು.

"ಯಾವಾಗ ನೋಡ್ದೆ?" ಎಂದಳು.

"ಏನನ್ನ?"

"ಅವನು ನೆಲದಿಂದ ಏಳೋದನ್ನ."

ತನ್ಮಯ್ ತನ್ನ ಬೆರಳುಗಳನ್ನು ನೋಡಿಕೊಂಡ. "ಇದ್ರೀಸ್ ಅಂಕಲ್ ಮನೇಲಿ," ಎಂದ. "ನಿಂಗೆ ಗೊತ್ತಿತ್ತಾ?"

"ಹೋದ ದೀಪಾವಳಿಯಿಂದ." ಅವಳು ಅಳಲಿಲ್ಲ. ಬಾಯಿ ಒಣಗಿದವಳಂತೆ ತುಟಿ ಸವರಿಕೊಂಡಳು. "ದೀಪ ಇಡೋಕೆ ಕೂತವನು ಎದ್ದ. ನೋಡಿಬಿಟ್ಟೆ. ಅವತ್ತಿಂದ ಅವನನ್ನ ನೆಲದ ಮೇಲೆ ಕೂರ್ಸೇ ಇಲ್ಲ. ಮೇಜು, ಕುರ್ಚಿ ಎಲ್ಲಾ ಅದಕ್ಕೇ ತರಿಸಿದ್ದು. ಯಾರೂ ನೋಡದೇ ಹೋದ್ರೆ ಇಲ್ಲ ಅಂತ ಆಗುತ್ತೇನೋ ಅಂದ್ಕೊಂಡೆ ಕಣೋ."

"ಅಪ್ಪಂಗೆ?"

"ಹೇಳಿಲ್ಲ. ಹೆಂಗೆ ಹೇಳ್ಲಿ? ನಿನ್ನನ್ನ ಹೆತ್ತಿದ್ದೂ ನಾನೇ, ಅವನನ್ನ ಹೆತ್ತಿದ್ದೂ ನಾನೇ."

"ಅಮ್ಮಾ," ತನ್ಮಯ್‌ನ ಧ್ವನಿ ಗಟ್ಟಿಯಾಯಿತು. "ನಂಗೆ ಮಾತ್ರೆ ತಡ ಆಯ್ತು ಅಂದಿದ್ರು ಡಾಕ್ಟ್ರು. ಬೇಗ ಶುರು ಮಾಡಿದ್ರೆ ಇನ್ನೂ ಒಂದೆರಡು ವರ್ಷ ಜಾಸ್ತಿ ನಡೀತಿದ್ದೆ ಅಂದಿದ್ರು. ನಾನು ಅಲ್ಲೇ ಇದ್ದೆ, ಕೇಳ್ಸಿತ್ತು ನಂಗೆ. ಕಲ್ಲುಗೆ ಇನ್ನೂ ಕೊಟ್ಟಿಲ್ಲ. ದೀಪಾವಳಿಯಿಂದ ಸುಮ್ನಿದೀಯ!"

ಅವಳಿಗೆ ಹೊಡೆದ ಹಾಗಾಯಿತು.

"ಇವತ್ತೇ ಹೇಳು," ಎಂದ. "ಮನೆಗೆ ಹೋದ್ರೆ ಅಜ್ಜಿ ಇರ್ತಾರೆ, ನೀನು ಹೇಳಲ್ಲ. ದಾರೀಲೇ ಹೇಳು. ಇಲ್ದಿದ್ರೆ ನಾನು ಹೇಳ್ತೀನಿ."

ಅಷ್ಟರಲ್ಲಿ ಅಪ್ಪ ದೊಡ್ಡ ಪೆಟ್ಟಿಗೆಯನ್ನು ಎದೆಗವಚಿಕೊಂಡು ಬಂದರು. ಕಲ್ಲು ಪೆಟ್ಟಿಗೆಯ ಒಂದು ಮೂಲೆ ಹಿಡಿದು ತಾನೂ ಹೊರುತ್ತಿರುವವನಂತೆ ಬರುತ್ತಿದ್ದ.

ಆಲ್ದೂರು ದಾಟುವವರೆಗೂ ಕಾರಿನಲ್ಲಿ ಕಲ್ಲುವಿನದೇ ಮಾತು. ಆಮೇಲೆ ಒಂದು ಎಸ್ಟೇಟಿನ ಗೇಟು ಬಂದಲ್ಲಿ ನಾಗಶ್ರೀ, "ರೀ, ಗಾಡಿ ನಿಲ್ಸಿ," ಎಂದಳು. ವಾಂತಿ ಬಂತೇನೋ ಎಂದು ಚಂದ್ರಶೇಖರಪ್ಪ ಪಕ್ಕಕ್ಕೆ ನಿಲ್ಲಿಸಿದರು. ಅವಳು ಇಳಿದು ಸ್ವಲ್ಪ ದೂರ ನಡೆದಳು, ಅವರೂ ಹಿಂದೆ ಹೋದರು. ಮೆಣಸು ಒಣಗಿಸಿದ ಕಣದ ಪಕ್ಕದಲ್ಲಿ ಇಬ್ಬರೂ ನಿಂತು ಮಾತಾಡುವುದು ತನ್ಮಯ್‌ಗೆ ಕಿಟಕಿಯಿಂದ ಕಾಣುತ್ತಿತ್ತು. ಅಮ್ಮನ ಮಾತು ಕೇಳಿಸಲಿಲ್ಲ. ಅಪ್ಪನ ಕೂಗು ಕೇಳಿಸಿತು.

"ಯಾರಂದ್ರು? ಯಾವ ಡಾಕ್ಟ್ರು ಅಂದ್ರು? ಅವನು ಓಡ್ತಾನೆ ಕಣೇ! ದಿನಾ ಓಡ್ತಾನೆ!"

ಅವರು ದಾಪುಗಾಲು ಹಾಕಿಕೊಂಡು ಬಂದು ಹಿಂದಿನ ಬಾಗಿಲು ತೆರೆದರು. "ಕಲ್ಲು, ಇಳಿ."

"ಯಾಕಪ್ಪ?"

"ಇಳಿ ಮಗಾ. ಆ ಗೇಟಿನ ತನಕ ಓಡು ನೋಡಣ."

ಕಲ್ಲುವಿಗೆ ಆಟ ಸಿಕ್ಕಿತು. ಗೇಟಿನವರೆಗೂ ಓಡಿದ, ತಿರುಗಿ ಓಡಿ ಬಂದ. ತುದಿಗಾಲಲ್ಲಿ, ಹೊಟ್ಟೆ ಮುಂದೆ ಮಾಡಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾ ಓಡಿದ. ದಿನಾ ನೋಡುವ ಓಟವೇ. ಚಂದ್ರಶೇಖರಪ್ಪ ಅದನ್ನು ಇವತ್ತು ಬೇರೆಯವರ ಮಗುವನ್ನು ನೋಡುವ ಹಾಗೆ ನೋಡಿದರು.

"ಕೂತ್ಕೊ," ಎಂದರು. ಧ್ವನಿ ಇಳಿದಿತ್ತು.

"ಇಲ್ಲೇ ಮಣ್ಣಲ್ಲಾ?"

"ಹ್ಞೂಂ. ಕೂತ್ಕೊ. ಈಗ ಏಳು."

ಕಲ್ಲು ಹೊರಳಿದ. ಅಂಗೈ ಊರಿದ. ಮೊಣಕಾಲು, ತೊಡೆ ಹಿಡಿದುಕೊಂಡು ಮೇಲೆ ಬಂದ. ಕೈಗೆ ಅಂಟಿದ ಮಣ್ಣನ್ನು ಚಡ್ಡಿಗೆ ಒರೆಸಿಕೊಂಡು ಅಪ್ಪನ ಮುಖ ನೋಡಿದ. "ಇನ್ನೊಂದ್ಸಲ ಮಾಡ್ಲಾ?"

ಚಂದ್ರಶೇಖರಪ್ಪ ಬೇಡ ಎಂದು ತಲೆಯಾಡಿಸಿದರು. ಏಳು ವರ್ಷದ ಹಿಂದೆ ಮಂಗಳೂರಿನಲ್ಲಿ ಇದೇ ಏಳುವಿಕೆಯನ್ನು ಗೋಡೆಗೊರಗಿ ನಿಂತು ನೋಡಿದವರು ಅವರು. ಮರೆತಿರಲಿಲ್ಲ. ಅವರು ರಸ್ತೆಯ ಬದಿಯ ಮಣ್ಣಿನಲ್ಲೇ ಕುಸಿದು ಕೂತರು. ನಾಗಶ್ರೀ ಹತ್ತಿರ ಬಂದಳು, ಮುಟ್ಟಲು ಧೈರ್ಯವಾಗದೆ ನಿಂತಳು. ಅಪ್ಪ ಏಕೆ ಕೂತರೆಂದು ಕಲ್ಲುವಿಗೆ ಗೊತ್ತಾಗಲಿಲ್ಲ. ಬಹುಶಃ ಇದೂ ಆಟವೆಂದುಕೊಂಡು, "ಈಗ ನೀನು ಏಳು!" ಎಂದು ಚಪ್ಪಾಳೆ ತಟ್ಟಿದ.

ತನ್ಮಯ್ ಕಾರಿನೊಳಗಿದ್ದ. ಬಾಗಿಲು ತೆರೆದೇ ಇತ್ತು. ಇಳಿದು ಹೋಗುವಂತಿರಲಿಲ್ಲ. ಪಕ್ಕದ ಸೀಟಿನಲ್ಲಿ ಹೊಸ ಪೆಟ್ಟಿಗೆ ಇತ್ತು. ಅದನ್ನು ಎತ್ತಿ ಹೊರಗೆ ಎಸೆಯಬೇಕೆನಿಸಿತು. ಅಷ್ಟು ಬಲ ತೋಳಿನಲ್ಲಿರಲಿಲ್ಲ.

ಮರುದಿನ ಚಂದ್ರಶೇಖರಪ್ಪ ಅಂಗಡಿ ತೆರೆಯಲಿಲ್ಲ. ವಿಷಯ ತಿಳಿದ ಕಲ್ಲಮ್ಮ ಹಜಾರದಲ್ಲಿ ಕೂತು, "ನಮ್ಮ ವಂಶದಲ್ಲಿ ಯಾರಿಗೂ ಇರ್ಲಿಲ್ಲ. ಎಲ್ಲಾ ಆ ಕಡೆಯಿಂದ ಬಂದಿದ್ದು," ಎಂದು ಶುರು ಮಾಡಿದಳು. "ಅವ್ವಾ, ಇನ್ನೊಂದು ಮಾತು ಆಡಿದ್ರೆ ನಾನು ಮನೆ ಬಿಟ್ಟು ಹೋಗ್ತೀನಿ," ಎಂದು ಮಗ ಒಳಗಿಂದಲೇ ಹೇಳಿದರು. ಅವರು ಹೆಂಡತಿಯ ಪರ ಮಾತಾಡಿದರೂ ಹೆಂಡತಿಯ ಜೊತೆ ಮಾತಾಡಲಿಲ್ಲ. ಅದಕ್ಕೆ ಬಹಳ ದಿನ ಹಿಡಿಯಿತು.

ಆ ವಾರವೇ ಚಾರ್ಮಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರು. ರಕ್ತ ತೆಗೆದುಕೊಂಡು ಕಳಿಸಿದರು. ಉತ್ತರ ಬರಲು ಕೆಲವು ವಾರ ಬೇಕಾಯಿತು. ಬಂದಾಗ ಅದರಲ್ಲಿ ಯಾರಿಗೂ ಹೊಸದೇನೂ ಇರಲಿಲ್ಲ. ಡಾಕ್ಟರು ಮಾತ್ರೆ ಬರೆದರು. ಇನ್ನೂ ಒಂದೆರಡು ವರ್ಷ ಮೊದಲೇ ತಂದಿದ್ದರೆ ಚೆನ್ನಾಗಿತ್ತು, ಆದರೂ ಅಣ್ಣನಿಗೆ ಶುರು ಮಾಡಿದ್ದಕ್ಕಿಂತ ಬೇಗ ಆಯಿತು, ಓಡಾಡುವಷ್ಟು ದಿನ ಓಡಾಡಲಿ ಎಂದರು. ನಾಗಶ್ರೀ ಆ ಮಾತಿನ ಮೊದಲ ಅರ್ಧವನ್ನು ಮಾತ್ರ ಕೇಳಿಸಿಕೊಂಡಳು. ವಾಪಸ್ ಬರುವಾಗ ಘಾಟಿಯ ತಿರುವುಗಳಲ್ಲಿ ಅವಳು ಕಲ್ಲುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವನ ಕಾಲನ್ನು ಹಿಡಿದೇ ಇದ್ದಳು.

ಪೆಟ್ಟಿಗೆ ಹಾಗೇ ಇತ್ತು. ದಾನಿಶ್ ಬಂದು ಬಂದು ಕೇಳಿ ಹೋದ. ಕೊನೆಗೆ ಬೇಸಿಗೆ ರಜೆ ಶುರುವಾದ ಮೇಲೆ ಚಂದ್ರಶೇಖರಪ್ಪ ತಾವೇ ಒಂದು ಮಧ್ಯಾಹ್ನ ಅಂಗಡಿಯಿಂದ ಬೇಗ ಬಂದು, ಕತ್ತರಿ ತೆಗೆದುಕೊಂಡು ಅದನ್ನು ಬಿಚ್ಚಿದರು. ವೈರು ಸಿಕ್ಕಿಸಿದರು, ದಿಂಬು ತಂದಿಟ್ಟರು. ಎರಡು ಸಾಧಾರಣ ಕಂಟ್ರೋಲರುಗಳನ್ನು ಇಬ್ಬರ ಕೈಗೂ ಕೊಟ್ಟು, ಅಂಗಡಿಗೆ ಹೊರಟುಹೋದರು.

ತನ್ಮಯ್ ಮೊದಲು ಮೀನು ಹಿಡಿಯುವ ಆಟ ಹಾಕಿದ. ಕಲ್ಲುವಿಗೆ ಹಿಡಿಸಲಿಲ್ಲ. ಮನೆ ಕಟ್ಟುವ ಆಟವೂ ಹಿಡಿಸಲಿಲ್ಲ. "ಕತ್ತಿ ಇರೋದು ಬೇಕು," ಎಂದ. ವಾರಗಟ್ಟಲೆ ತನ್ಮಯ್ ಅಳೆದು ತೂಗಿ ಆರಿಸಿದ್ದನ್ನೆಲ್ಲ ಅವನು ಒಂದೇ ಗಳಿಗೆಯಲ್ಲಿ ತಳ್ಳಿಹಾಕಿದ. ಕೊನೆಗೆ ಕಾಡಿನಲ್ಲಿ ಯೋಧನೊಬ್ಬ ರಾಕ್ಷಸರನ್ನು ಕೊಲ್ಲುವ ಒಂದು ಆಟ ಅವನಿಗೆ ಇಷ್ಟವಾಯಿತು. ಅದು ಆರು ವರ್ಷದವನಿಗೆ ಕಷ್ಟದ್ದು. ನಡೆಯುತ್ತಾ ಕತ್ತಿ ಬೀಸಲು ಅವನಿಗೆ ಬರುತ್ತಿರಲಿಲ್ಲ. ತನ್ಮಯ್‌ಗೂ ಅಷ್ಟು ಹೊತ್ತಿಗೆ ಎಡಗೈ ಸೋಲುತ್ತಿತ್ತು. ಎರಡು ಕಂಟ್ರೋಲರುಗಳನ್ನು ಒಬ್ಬನೇ ಆಟಗಾರನಿಗೆ ಜೋಡಿಸುವ ಉಪಾಯ ಆ ಪೆಟ್ಟಿಗೆಯಲ್ಲಿತ್ತು. ತನ್ಮಯ್ ಅದನ್ನು ಹುಡುಕಿ ಜೋಡಿಸಿದ.

"ನೋಡು ಕಲ್ಲು, ನಡ್ಸೋದು ನೀನು. ಹೊಡಿಯೋದು ನಾನು."

ಕಲ್ಲು ಯೋಧನನ್ನು ನೇರವಾಗಿ ಹೊಳೆಗೆ ನಡೆಸಿದ. ಸತ್ತ. ಮತ್ತೆ ನಡೆಸಿದ, ಮತ್ತೆ ಸತ್ತ. ಇಬ್ಬರೂ ನಕ್ಕರು. ಆಮೇಲೆ ಸ್ವಲ್ಪ ದೂರ ಸರಿಯಾಗಿ ಹೋದರು.

"ಅಣ್ಣ," ಎಂದ ಕಲ್ಲು, ಟಿವಿಯಿಂದ ಕಣ್ಣು ತೆಗೆಯದೆ. "ನಂಗೂ ನಿನ್ ಥರ ಗಾಡಿ ಬರುತ್ತಾ?"

ಅಡಿಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ತನ್ಮಯ್‌ಗೆ ಅದು ಕೇಳಿಸಿತು. ಸುಳ್ಳು ಹೇಳಬಹುದಿತ್ತು. ತನಗೆ ಹಿಂದೆ ಎಲ್ಲರೂ ಸುಳ್ಳನ್ನೇ ಹೇಳಿದ್ದರು. ಕುರ್ಚಿ ಬರುವ ಹಿಂದಿನ ದಿನದವರೆಗೂ ಹೇಳಿದ್ದರು.

"ಬರುತ್ತೆ," ಎಂದ.

"ಯಾವಾಗ?"

"ಈಗಲ್ಲ. ದಿನಾ ಮಾತ್ರೆ ತಗೊಂಡ್ರೆ ತಡವಾಗಿ ಬರುತ್ತೆ."

ಕಲ್ಲು ಯೋಚಿಸಿದ. "ನಂಗೆ ಕೆಂಪು ಬೇಕು."

"ಸರಿ. ಅಪ್ಪಂಗೆ ಹೇಳಣ."

"ನಿಂದು ಯಾಕೆ ಕರಿ?"

"ನನ್ನ ಯಾರೂ ಕೇಳ್ಲಿಲ್ಲ ಮಾರಾಯ," ಎಂದ ತನ್ಮಯ್. ಅವನ ಎಡ ಮೊಣಕೈ ದಿಂಬಿನಿಂದ ಜಾರಿತ್ತು. ಕಲ್ಲು ಕಂಟ್ರೋಲರನ್ನು ಕೆಳಗಿಟ್ಟು, ಬೆತ್ತದ ಕುರ್ಚಿಯಿಂದ ಇಳಿದು ಬಂದು, ಎರಡೂ ಕೈಗಳಿಂದ ಅಣ್ಣನ ತೋಳನ್ನು ಎತ್ತಿ ದಿಂಬಿನ ಮೇಲಿಟ್ಟ. ಭಾರವಾಯಿತೆಂದು ಉಸ್ಸೆಂದ. ಆಮೇಲೆ ವಾಪಸ್ ಹೋಗಿ ಕೂತು ಯೋಧನನ್ನು ಕಾಡಿನೊಳಕ್ಕೆ ನಡೆಸಿದ.